ಭಾರ ಹೊತ್ತಾಗ ಮೂಳೆ ಎಷ್ಟು ಕುಗ್ಗುತ್ತದೆ?

ಧಾನ್ಯದ ಮಂಡಿಗಳಿರುವ ಬೀದಿಯಲ್ಲಿ ಬೆಳಗಿನ ಹೊತ್ತು ಸ್ವಲ್ಪ ನಿಂತು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಲಾರಿಯ ಹಿಂಬದಿಗೆ ಬೆನ್ನು ಕೊಟ್ಟು ಹಮಾಲಿಯೊಬ್ಬನು ನಿಲ್ಲುತ್ತಾನೆ. ಮೇಲಿನಿಂದ ಇಬ್ಬರು ಮೂಟೆಯೊಂದನ್ನು ಅವನ ಹೆಗಲಿಗೂ ತಲೆಗೂ ಜಾರಿಸುತ್ತಾರೆ. ಒಂದು ಕ್ಷಣ ಅವನ ಮೊಣಕಾಲುಗಳು ಅಲುಗಿದಂತಾಗುತ್ತವೆ. ಮರುಕ್ಷಣ ಅವನು ಸೆಟೆದು ನಿಂತು, ಚಿಕ್ಕ ಚಿಕ್ಕ ಹೆಜ್ಜೆಗಳನ್ನಿಡುತ್ತ ಗೋದಾಮಿನ ಕಡೆಗೆ ಸಾಗುತ್ತಾನೆ. ಇಂದು ಮೂಟೆಗಳು ಬಹುಮಟ್ಟಿಗೆ ೫೦ ಕಿಲೋಗ್ರಾಮಿನವು. ಹಿಂದೆ ಒಂದು ಕ್ವಿಂಟಾಲಿನ, ಎಂದರೆ ೧೦೦ ಕಿಲೋಗ್ರಾಮಿನ, ಗೋಣಿಮೂಟೆಗಳೂ ಇದ್ದವು. ಅವನ್ನು ಹೊರುತ್ತಿದ್ದವನ ಮೈತೂಕ ೬೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ.

ಮೈಸೂರಿನ ಜಂಬೂಸವಾರಿಯಲ್ಲಿ ಆನೆ ಹೊರುವ ಚಿನ್ನದ ಅಂಬಾರಿ ಸುಮಾರು ೭೫೦ ಕಿಲೋಗ್ರಾಂ ತೂಗುತ್ತದೆ. ನಾವು ಅದನ್ನು ಕಂಡು ಬೆರಗಾಗುತ್ತೇವೆ. ಆದರೆ ಐದು ಟನ್ ತೂಗುವ ಆನೆಗೆ ಆ ಹೊರೆ ತನ್ನ ಮೈತೂಕದ ಏಳನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಹಮಾಲಿಯ ಹೊರೆಯಾದರೋ ಅವನ ಮೈತೂಕದ ಒಂದೂವರೆ ಪಾಲಿಗೂ ಮಿಕ್ಕದ್ದು. ಆನೆಗೆ ನಾಲ್ಕು ಕಾಲು. ಇವನಿಗೆ ಎರಡೇ, ಹೆಜ್ಜೆ ಎತ್ತಿಟ್ಟ ಗಳಿಗೆಯಲ್ಲಿ ಒಂದೇ. ಹೀಗಿರುವಾಗ ಅವನ ಕಾಲಿನ ಮೂಳೆಗೆ ಏನಾಗುತ್ತದೆ? ಅದು ಕುಗ್ಗುತ್ತದೆಯೆ? ಕುಗ್ಗಿದರೆ ಎಷ್ಟು? ಹೊರೆ ಇಳಿಸಿದ ಮೇಲೆ ಮತ್ತೆ ಮೊದಲಿನಂತಾಗುತ್ತದೆಯೆ?

‘ಮೂಳೆ ಕಲ್ಲಿನಂಥ ವಸ್ತು, ಅದು ಕುಗ್ಗುವುದೆಂದರೇನು?’ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಕಲ್ಲೂ ಕುಗ್ಗುತ್ತದೆ. ಭಾರಕ್ಕೆ ಸ್ವಲ್ಪವೂ ಬಗ್ಗದ, ಕುಗ್ಗದ ವಸ್ತು ಪ್ರಪಂಚದಲ್ಲಿಲ್ಲ. ಮೇಜಿನ ಮೇಲೆ ಪುಸ್ತಕವಿಟ್ಟರೆ ಮೇಜು ಅಣುವಿನಷ್ಟಾದರೂ ತಗ್ಗಿದ ಮೇಲೆಯೇ ಪುಸ್ತಕವನ್ನು ಎತ್ತಿಹಿಡಿಯಬಲ್ಲುದು. ತಗ್ಗದಿದ್ದರೆ ಮೇಲ್ಮುಖವಾದ ಆ ಬಲವಾದರೂ ಎಲ್ಲಿಂದ ಬರಬೇಕು? ಇಂಗ್ಲೆಂಡಿನ ರಾಬರ್ಟ್ ಹುಕ್ ಈ ಸಂಗತಿಯನ್ನು ೧೬೭೮ರಲ್ಲಿ ಪ್ರಕಟಿಸಿದನು. ಹಿಗ್ಗುವುದಾಗಲಿ ಕುಗ್ಗುವುದಾಗಲಿ, ಒಂದು ಮಿತಿಯೊಳಗೆ, ಹೇರಿದ ಬಲಕ್ಕೆ ಅನುಗುಣವಾಗಿರುತ್ತದೆ: ಭಾರ ಇಮ್ಮಡಿಯಾದರೆ ಕುಗ್ಗುವಿಕೆಯೂ ಇಮ್ಮಡಿ. (ಬೇರೆಯವರು ತನ್ನ ಶೋಧವನ್ನು ಕದ್ದಾರೆಂಬ ಅಂಜಿಕೆಯಿಂದ ಹುಕ್ ಎರಡು ವರ್ಷ ಮೊದಲೇ ಅದನ್ನು ಅಕ್ಷರಗಳನ್ನು ಹಿಂದುಮುಂದು ಮಾಡಿದ ಒಗಟಿನಂತೆ ಅಚ್ಚು ಹಾಕಿಸಿದ್ದನು. ವಿಜ್ಞಾನಿಗಳಿಗೂ ಇಂಥ ಸಣ್ಣ ಆತಂಕಗಳು ತಪ್ಪಿದ್ದಲ್ಲ.)

ಲೆಕ್ಕಕ್ಕೆ ಇಳಿಯುವ ಮೊದಲು ಎರಡು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದೇ ಭಾರ ದಪ್ಪ ಕಂಬದ ಮೇಲೆ ಬಿದ್ದಾಗಲೂ ಸಣ್ಣ ಕಂಬದ ಮೇಲೆ ಬಿದ್ದಾಗಲೂ ಆಗುವ ಪರಿಣಾಮ ಬೇರೆ ಬೇರೆ. ಆದ್ದರಿಂದ ಒಟ್ಟು ಭಾರಕ್ಕಿಂತ, ಅಡ್ಡಕೊಯ್ತದ ಒಂದೊಂದು ಚದರ ಸೆಂಟಿಮೀಟರಿನ ಪಾಲಿಗೆ ಎಷ್ಟು ಭಾರ ಬಂತು ಎಂಬುದು ಮುಖ್ಯ. ಇದಕ್ಕೆ ‘ಪೀಡನ’ವೆಂದು ಹೆಸರು. ಹಾಗೆಯೇ ಉದ್ದವಾದ ಕಂಬ ಹೆಚ್ಚು ಕುಗ್ಗುತ್ತದೆ, ಗಿಡ್ಡದು ಕಡಮೆ. ಆದ್ದರಿಂದ ಮೂಲ ಉದ್ದದಲ್ಲಿ ಎಷ್ಟನೆಯ ಅಂಶ ಕುಗ್ಗಿತು ಎಂಬುದನ್ನು ನೋಡಬೇಕು. ಇದು ‘ವಿಕೃತಿ’. ಪೀಡನವನ್ನು ವಿಕೃತಿಯಿಂದ ಭಾಗಿಸಿದರೆ ಬರುವ ಸಂಖ್ಯೆ ಆ ವಸ್ತುವಿನ ಬಿಗುವನ್ನು ತೋರಿಸುತ್ತದೆ. ಥಾಮಸ್ ಯಂಗ್ ಎಂಬ ಇಂಗ್ಲಿಷ್ ವೈದ್ಯ ೧೮೦೭ರಲ್ಲಿ ಅಚ್ಚಾದ ತನ್ನ ಉಪನ್ಯಾಸಗಳಲ್ಲಿ ಇದನ್ನು ಚರ್ಚಿಸಿದ್ದರಿಂದ ಅದಕ್ಕೆ ಯಂಗ್ ಗುಣಾಂಕವೆಂದೇ ಹೆಸರಾಗಿದೆ.

ತೊಡೆಯ ಮೂಳೆಯ ನಡುಭಾಗದ ಗಟ್ಟಿ ಎಲುಬಿಗೆ ಈ ಗುಣಾಂಕ, ಉದ್ದುದ್ದಕ್ಕೆ ಅಳೆದರೆ, ಚದರ ಸೆಂಟಿಮೀಟರಿಗೆ ಸುಮಾರು ೧,೭೦,೦೦೦ ಕಿಲೋಗ್ರಾಂ ತೂಕ. (ತರಗತಿಯಲ್ಲಿ ಇದನ್ನು ಸುಮಾರು ೧,೭೦೦ ಕೋಟಿ ಪಾಸ್ಕಲ್ ಎಂದು ಬರೆಯುತ್ತಾರೆ. ನಮ್ಮ ಲೆಕ್ಕಕ್ಕೆ ಕಿಲೋಗ್ರಾಂ ತೂಕವೇ ಕಣ್ಣಿಗೆ ಕಟ್ಟುವಂತಿದೆ.) ಉಕ್ಕಿಗೆ ಇದು ೨೦ ಲಕ್ಷ, ಎಂದರೆ ಉಕ್ಕು ಮೂಳೆಗಿಂತ ಹನ್ನೆರಡರಷ್ಟು ಬಿಗುವಾದದ್ದು. ಮರ ಮೂಳೆಗಿಂತ ಮೆತು. ಕಾಂಕ್ರೀಟು ಮೂಳೆಗಿಂತ ತುಸು ಬಿಗಿ. ಆದರೆ ಬಿಗಿಯಾದದ್ದೆಲ್ಲ ಬಲವಾದದ್ದಲ್ಲ. ಇದನ್ನು ಮುಂದೆ ನೋಡೋಣ.

ಸಾಮಾನ್ಯ ಎತ್ತರದ ಒಬ್ಬನ ತೊಡೆಯ ಮೂಳೆಯ ಉದ್ದ ೪೫ ಸೆಂಟಿಮೀಟರು, ನಡುವಿನಲ್ಲಿ ಅದರ ಗಟ್ಟಿ ಭಾಗದ ಅಡ್ಡಕೊಯ್ತ ೪ ಚದರ ಸೆಂಟಿಮೀಟರು ಎಂದು ಇಟ್ಟುಕೊಳ್ಳೋಣ. ೬೦ ಕಿಲೋಗ್ರಾಂ ಭಾರ ಪೂರ್ತಿ ಒಂದೇ ಕಾಲಿನ ಮೇಲೆ ನೆಟ್ಟಗೆ ಬಿತ್ತೆನ್ನಿ. ಪೀಡನ, ಚದರ ಸೆಂಟಿಮೀಟರಿಗೆ ೧೫ ಕಿಲೋಗ್ರಾಂ. ಇದನ್ನು ೧,೭೦,೦೦೦ದಿಂದ ಭಾಗಿಸಿದರೆ ವಿಕೃತಿ ದೊರೆಯುತ್ತದೆ: ಲಕ್ಷದಲ್ಲಿ ಸುಮಾರು ೯ ಪಾಲು. ೪೫ ಸೆಂಟಿಮೀಟರಿನಲ್ಲಿ ಇದು ೦.೦೪ ಮಿಲಿಮೀಟರು. ನಮ್ಮ ತಲೆಗೂದಲಿನ ದಪ್ಪ ಸುಮಾರು ೦.೦೭ ಮಿಲಿಮೀಟರು, ಎಂದರೆ ಕುಗ್ಗಿದ್ದು ಅರ್ಧ ಕೂದಲೆಳೆಗಿಂತ ತುಸು ಹೆಚ್ಚು! ಈಗ ತಲೆಯ ಮೇಲೆ ಕ್ವಿಂಟಾಲಿನ ಮೂಟೆ ಬರಲಿ. ಒಟ್ಟು ೧೬೦ ಕಿಲೋಗ್ರಾಂ; ಪೀಡನ ೪೦; ಕುಗ್ಗಿದ್ದು ೦.೧೧ ಮಿಲಿಮೀಟರು. ಒಂದೂವರೆ ಕೂದಲೆಳೆ. ಮೂಟೆ ಇಳಿದೊಡನೆ ಮೂಳೆ ತನ್ನ ಮೊದಲ ಉದ್ದಕ್ಕೆ ಮರಳುತ್ತದೆ. ಇದೇ ಸ್ಥಿತಿಸ್ಥಾಪಕತೆ.

ನೆಟ್ಟಗೆ ಒತ್ತಿದರೆ ಮೂಳೆ ಪುಡಿಯಾಗುವುದು ಯಾವಾಗ? ಚದರ ಸೆಂಟಿಮೀಟರಿಗೆ ಸುಮಾರು ೧,೭೦೦ ಕಿಲೋಗ್ರಾಂ ಬಿದ್ದಾಗ. ಮನೆಕಟ್ಟುವ ಸಾಧಾರಣ ಕಾಂಕ್ರೀಟು ೨೦೦ರಿಂದ ೪೦೦ ಕಿಲೋಗ್ರಾಮಿಗೇ ಪುಡಿಯಾಗುತ್ತದೆ. ಎಳೆದರೆ ಕಾಂಕ್ರೀಟಿಗೆ ಬಲವೇ ಇಲ್ಲವೆನ್ನಬೇಕು. ಮೂಳೆಯಾದರೋ ೧,೩೦೦ ಕಿಲೋಗ್ರಾಮಿನವರೆಗೂ ಎಳೆತವನ್ನು ತಡೆಯಬಲ್ಲುದು. ಈ ಗುಣ ಅದರ ರಚನೆಯಿಂದ ಬಂದದ್ದು. ಮೂಳೆಯ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕ್ಯಾಲ್ಸಿಯಂ ಫಾಸ್ಫೇಟಿನ ಜಾತಿಯ ಖನಿಜ. ಉಳಿದದ್ದು ಬಹುಪಾಲು ಕೊಲ್ಯಾಜೆನ್ ಎಂಬ ಸಸಾರಜನಕದ ನಾರು ಮತ್ತು ನೀರು. ಕೋಳಿಯ ಕಾಲಿನ ಮೂಳೆಯೊಂದನ್ನು ವಿನೆಗರಿನಲ್ಲಿ ಮುಳುಗಿಸಿಟ್ಟು, ಆಗಾಗ ವಿನೆಗರನ್ನು ಬದಲಿಸುತ್ತ, ಕೆಲವು ದಿನ ಬಿಡಿ. ಖನಿಜವೆಲ್ಲ ಕರಗಿಹೋಗಿ ಮೂಳೆ ರಬ್ಬರಿನಂತೆ ಬಳುಕುತ್ತದೆ. ತೆಳುವಾದದ್ದಾದರೆ ಗಂಟು ಕೂಡ ಹಾಕಬಹುದು. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಬೆಳ್ಳಗಾಗುವವರೆಗೆ ಸುಟ್ಟರೆ ನಾರು ಉರಿದುಹೋಗುತ್ತದೆ. ಆಕಾರ ಹಾಗೇ ಇರುತ್ತದೆ, ಬೆರಳಿನಿಂದ ಅದುಮಿದರೆ ಪುಡಿ. ಒಂದು ಕುಗ್ಗದಂತೆ ತಡೆಯುತ್ತದೆ, ಇನ್ನೊಂದು ಸೀಳದಂತೆ ಹಿಡಿಯುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಬೆರಸಿ ತುಳಿಯುವ ನಮ್ಮ ಹಳ್ಳಿಗರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ೪ ಚದರ ಸೆಂಟಿಮೀಟರಿನ ತೊಡೆಯ ಮೂಳೆ ೬,೮೦೦ ಕಿಲೋಗ್ರಾಂ, ಎಂದರೆ ಏಳು ಟನ್ನಿನ ಹತ್ತಿರ, ಹೊರಬಲ್ಲುದು ಎಂದಾಯಿತು. ಅನೇಕ ಪುಸ್ತಕಗಳು ಇಲ್ಲಿಗೇ ನಿಲ್ಲಿಸಿ, ಮನುಷ್ಯನ ಒಂದೊಂದು ಕಾಲೂ ಒಂದು ಆನೆಯನ್ನು ಹೊರಬಲ್ಲುದು ಎಂಬಂಥ ಮಾತುಗಳನ್ನಾಡುತ್ತವೆ. ಈ ಗಣಿತದಲ್ಲಿ ತಪ್ಪಿಲ್ಲ, ತೀರ್ಮಾನದಲ್ಲಿದೆ. ದಿನವೂ ಆಸ್ಪತ್ರೆಗಳಿಗೆ ಬರುವ ಮುರಿದ ಮೂಳೆಗಳು ಏಳು ಟನ್ ಹೊತ್ತು ಮುರಿದವಲ್ಲ. ಬಚ್ಚಲಲ್ಲಿ ಜಾರಿ ಬಿದ್ದವರು, ಸೈಕಲ್ಲಿನಿಂದ ಉರುಳಿದವರು, ಕೆಲವೊಮ್ಮೆ ನೀರಿನ ಕೊಡ ಎತ್ತಿದ ಮುದುಕಿಯರು, ಅಂಥವರ ಮೂಳೆಗಳು. ಈ ಅಂತರಕ್ಕೆ ಕಾರಣ ಹುಡುಕಬೇಕಾದುದು ಅವಶ್ಯ.

ಪೊರಕೆಯ ಕಡ್ಡಿಯೊಂದನ್ನು ನೆಲಕ್ಕೆ ನೇರವಾಗಿ ಊರಿ ಮೇಲಿನ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ. ಅದು ಪುಡಿಯಾಗುವುದಿಲ್ಲ, ಪಕ್ಕಕ್ಕೆ ಬಳುಕುತ್ತದೆ. ಅದೇ ಕಡ್ಡಿಯ ಒಂದು ಅಂಗುಲದ ತುಂಡನ್ನು ಒತ್ತಿದರೆ ಬಳುಕುವುದಿಲ್ಲ, ಬೆರಳಿಗೇ ಚುಚ್ಚುತ್ತದೆ. ಉದ್ದವಾದ ಕಂಬವೊಂದು ಎಷ್ಟು ಭಾರಕ್ಕೆ ಹೀಗೆ ಬಳುಕುತ್ತದೆಂಬುದನ್ನು ಗಣಿತಜ್ಞ ಆಯ್ಲರ್ ೧೭೪೪ರಲ್ಲಿ ತೋರಿಸಿಕೊಟ್ಟನು. ಉದ್ದ ಇಮ್ಮಡಿಯಾದರೆ ತಾಳುವ ಭಾರ ಕಾಲುಭಾಗಕ್ಕಿಳಿಯುತ್ತದೆ. ವಸ್ತು ಬಿಗುವಾದಷ್ಟೂ, ಅದು ನಡುಗೆರೆಯಿಂದ ದೂರ ಹರಡಿದಷ್ಟೂ ಭಾರ ಹೆಚ್ಚು ತಾಳುತ್ತದೆ. ತೊಡೆಯ ಮೂಳೆಯನ್ನು ೨.೭ ಸೆಂಟಿಮೀಟರು ಹೊರವ್ಯಾಸದ, ೧.೪ ಸೆಂಟಿಮೀಟರು ಒಳಪೊಳ್ಳಿನ ಕೊಳವೆಯೆಂದು ಭಾವಿಸಿ ಈ ಸೂತ್ರವನ್ನು ಹಚ್ಚಿದರೆ ಬರುವ ಉತ್ತರ ಸುಮಾರು ಎರಡು ಟನ್. ಎಂದರೆ ಮೂಳೆ ಪುಡಿಯಾಗುವ ಭಾರದ ಮೂರನೆಯ ಒಂದು ಪಾಲೂ ಬೀಳುವ ಮೊದಲೇ ಬಾಗತೊಡಗುತ್ತದೆ. ಜೀವಂತ ದೇಹದಲ್ಲಿ ಸುತ್ತಲ ಸ್ನಾಯುಗಳು, ಗುಡಾರದ ಗಳುವನ್ನು ಹಗ್ಗಗಳು ಹಿಡಿದಂತೆ, ಅದನ್ನು ಹಿಡಿದಿರುತ್ತವೆ ಎಂಬುದು ಬೇರೆ ಮಾತು.

ಮೂಳೆ ಏಕೆ ಪೊಳ್ಳು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಅಷ್ಟೇ ಮೂಳೆದ್ರವ್ಯವನ್ನು ಪೊಳ್ಳಿಲ್ಲದ ಗಟ್ಟಿ ದಂಡವನ್ನಾಗಿ ಎರಕ ಹೊಯ್ದಿದ್ದರೆ ಅದರ ವ್ಯಾಸ ೨.೩ ಸೆಂಟಿಮೀಟರಾಗುತ್ತಿತ್ತು, ಬಳುಕನ್ನು ತಡೆಯುವ ಶಕ್ತಿಯಲ್ಲಿ ಕೊಳವೆ ಈ ದಂಡಕ್ಕಿಂತ ಒಂದೂಮುಕ್ಕಾಲರಷ್ಟು ಮೇಲು. ತೂಕ ಒಂದೇ! ಬಿದಿರು ಗಳು ಏಣಿಗೆ ಒದಗುವುದೂ, ಸೈಕಲ್ಲಿನ ಚೌಕಟ್ಟನ್ನು ಕೊಳವೆಗಳಿಂದ ಮಾಡುವುದೂ ಇದೇ ಲಾಭಕ್ಕಾಗಿ. ಗೆಲಿಲಿಯೋ ೧೬೩೮ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ ತನ್ನ ಕೊನೆಯ ಗ್ರಂಥದಲ್ಲಿ ಹಕ್ಕಿಗಳ ಮೂಳೆಯನ್ನೂ ಹುಲ್ಲಿನ ಕಾಂಡವನ್ನೂ ಉದಾಹರಿಸಿ ಈ ಮಾತನ್ನು ಹೇಳಿದ್ದಾನೆ. ಅದೇ ಗ್ರಂಥದಲ್ಲಿ ಇನ್ನೂ ದೊಡ್ಡ ಪ್ರಶ್ನೆಯೊಂದಿದೆ. ಪ್ರಾಣಿಯೊಂದರ ಎಲ್ಲ ಅಳತೆಗಳನ್ನೂ ಮೂರರಷ್ಟು ಮಾಡಿದರೆ ಅದರ ತೂಕ ಇಪ್ಪತ್ತೇಳರಷ್ಟಾಗುತ್ತದೆ. ಮೂಳೆಯ ಅಡ್ಡಕೊಯ್ತ ಒಂಬತ್ತರಷ್ಟು ಮಾತ್ರ. ಆದ್ದರಿಂದ ಪೀಡನ ಮೂರರಷ್ಟು. ನಮ್ಮ ಕತೆಗಳ ರಾಕ್ಷಸರು ಮನುಷ್ಯನದೇ ಆಕಾರವನ್ನಿಟ್ಟುಕೊಂಡು ತಾಳೆಮರದೆತ್ತರ ಬೆಳೆಯುವುದು ಸಾಧ್ಯವಿಲ್ಲ; ಬೆಳೆದರೆ ನಿಂತಲ್ಲೇ ಕುಸಿಯಬೇಕು. ಹಾಗಾದರೆ ಆನೆ ಹೇಗೆ ನಿಂತಿದೆ? ಅದರ ಮೂಳೆಗಳು ದಪ್ಪವೆಂಬುದು ಅರ್ಧ ಉತ್ತರ. ಉಳಿದರ್ಧ ಅದರ ನಿಲುವಿನಲ್ಲಿದೆ. ಇಲಿ ಕಾಲುಗಳನ್ನು ಮಡಿಸಿಕೊಂಡು ಓಡುತ್ತದೆ. ಆನೆ ಕಾಲನ್ನು ದೇವಸ್ಥಾನದ ಕಂಬದಂತೆ ನೆಟ್ಟಗಿಟ್ಟು ನಡೆಯುತ್ತದೆ. ನೆಟ್ಟಗಿದ್ದಷ್ಟೂ ಮೂಳೆಗೆ ಬೀಳುವುದು ಬರಿಯ ಒತ್ತಡ, ಬಾಗಿಸುವ ಬಲವಲ್ಲ.

ಈಗ ಹಮಾಲಿಯ ಕಡೆಗೆ ಮರಳೋಣ. ಒಂದೇ ಕಾಲಿನ ಮೇಲೆ ನಿಂತಾಗ ಮೈಭಾರ ನೆಟ್ಟಗೆ ತೊಡೆಯ ಮೂಳೆಯ ಮೇಲೆ ಬೀಳುತ್ತದೆಂದು ಆಗಲೇ ಭಾವಿಸಿದೆವಷ್ಟೆ. ನಿಜಕ್ಕೂ ಹಾಗಲ್ಲ. ಮೈಯ ತೂಕ ದೇಹದ ನಡುಗೆರೆಯಲ್ಲಿ ಇಳಿಯುತ್ತದೆ; ಸೊಂಟದ ಕೀಲು ಅಲ್ಲಿಂದ ಸುಮಾರು ೧೦ ಸೆಂಟಿಮೀಟರು ಪಕ್ಕಕ್ಕಿದೆ. ಆದ್ದರಿಂದ ದೇಹ ಎತ್ತಿದ ಕಾಲಿನ ಕಡೆಗೆ ವಾಲಬೇಕು. ವಾಲದಂತೆ ಹಿಡಿಯುವುದು ಕೀಲಿನ ಹೊರಬದಿಯ ಸ್ನಾಯುಗಳು. ಅವು ಕೀಲಿನಿಂದ ಸುಮಾರು ೫ ಸೆಂಟಿಮೀಟರು ದೂರದಲ್ಲಿ ಎಳೆಯುತ್ತವೆ. ಇದೊಂದು ಸನ್ನೆ, ಕೀಲು ಅದರ ಆಧಾರಬಿಂದು. ೬೦ ಕಿಲೋಗ್ರಾಮಿನವನಲ್ಲಿ, ಊರಿದ ಕಾಲಿನ ತೂಕ ಕಳೆದರೆ, ಕೀಲಿನ ಮೇಲಿನದು ೫೦ ಕಿಲೋಗ್ರಾಂ. ಅದನ್ನು ಅರ್ಧ ದೂರದಿಂದ ಸರಿದೂಗಿಸಲು ಸ್ನಾಯು ೧೦೦ ಕಿಲೋಗ್ರಾಂ ಬಲದಿಂದ ಎಳೆಯಬೇಕು. ತಕ್ಕಡಿಯ ನಡುಗೂಟ ಎರಡು ತಟ್ಟೆಗಳ ಭಾರವನ್ನೂ ಹೊರುವಂತೆ ಕೀಲು ಎರಡನ್ನೂ ಹೊರಬೇಕು: ೧೫೦ ಕಿಲೋಗ್ರಾಂ, ಮೈತೂಕದ ಎರಡೂವರೆಯಷ್ಟು. ಕೃತಕ ಕೀಲುಗಳಲ್ಲಿ ಅಳತೆಯ ಉಪಕರಣಗಳನ್ನಿಟ್ಟು ನೋಡಿದಾಗಲೂ ನಡಿಗೆಯಲ್ಲಿ ಹೆಚ್ಚು ಕಡಮೆ ಇಷ್ಟೇ ಕಂಡುಬಂದಿದೆ. ತಲೆಯ ಮೇಲೆ ಕ್ವಿಂಟಾಲಿನ ಮೂಟೆಯಿದ್ದರೆ ಕೀಲಿಗೆ ೪೫೦ ಕಿಲೋಗ್ರಾಂ. ಹೊರೆ ಹೊತ್ತವನು ಊರಿದ ಕಾಲಿನ ಕಡೆಗೆ ತುಸು ವಾಲುತ್ತ, ತೂಗಾಡಿದಂತೆ ನಡೆಯುವುದು ಈ ದೂರವನ್ನು ಕಡಮೆ ಮಾಡಿಕೊಳ್ಳುವುದಕ್ಕೆ. ಭೌತಶಾಸ್ತ್ರವನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಸೊಂಟ ಹೇಳಿಕೊಟ್ಟಿದೆ.

ಇಷ್ಟು ಭಾರವೂ ಮೊದಲು ಬೀಳುವುದು ತೊಡೆಯ ಮೂಳೆಯ ಗುಂಡುತಲೆಯ ಮೇಲೆ, ಅಲ್ಲಿಂದ ಓರೆಯಾಗಿ ಚಾಚಿದ ಕತ್ತಿನ ಮೇಲೆ. ಓರೆಯಾದ ಕಾರಣ ಕತ್ತು ಬಾಗುತ್ತದೆ: ಕೆಳಬದಿ ಒತ್ತಲ್ಪಡುತ್ತದೆ, ಮೇಲ್ಬದಿ ಹಿಗ್ಗಲೆಳಸುತ್ತದೆ. ಜ್ಯೂರಿಕ್ ನಗರದಲ್ಲಿ ೧೮೬೬ರ ಸುಮಾರಿನಲ್ಲಿ ನಡೆದ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. ಅಂಗರಚನಾಶಾಸ್ತ್ರಜ್ಞ ಹರ್ಮನ್ ಫಾನ್ ಮೇಯರ್ ಈ ಮೂಳೆಯ ತಲೆಯನ್ನು ಉದ್ದಕ್ಕೆ ಸೀಳಿ, ಒಳಗಿನ ಸ್ಪಂಜಿನಂಥ ಎಲುಬಿನ ಎಳೆಗಳು ಅಡ್ಡಾದಿಡ್ಡಿಯಾಗಿರದೆ ಕಮಾನುಗಳಂತೆ ಸಾಲಾಗಿರುವುದನ್ನು ತೋರಿಸಿದನು. ಅದನ್ನು ಕಂಡ ಸೇತುವೆಗಳ ಎಂಜಿನಿಯರ್ ಕುಲ್ಮನ್, ತಾನು ಭಾರ ಎತ್ತುವ ಕ್ರೇನಿನೊಳಗಣ ಪೀಡನರೇಖೆಗಳನ್ನು ಬರೆದ ಚಿತ್ರಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಕಂಡು ಚಕಿತನಾದನು. ಆ ಹೋಲಿಕೆ ಅವರು ಎಣಿಸಿದಷ್ಟು ಕರಾರುವಾಕ್ಕಲ್ಲವೆಂದು ಈಚಿನವರು ತೋರಿಸಿದ್ದಾರೆ. ಆದರೂ ಒತ್ತಡ ಹರಿಯುವ ದಾರಿಯಲ್ಲೇ ಎಲುಬು ಕಟ್ಟಿಕೊಳ್ಳುತ್ತದೆ ಎಂಬ ತಿರುಳು ಉಳಿದುಕೊಂಡಿದೆ. ಬರ್ಲಿನ್ನಿನ ಶಸ್ತ್ರವೈದ್ಯ ವೋಲ್ಫ್ ೧೮೯೨ರಲ್ಲಿ ಇದನ್ನೇ ಒಂದು ನಿಯಮವಾಗಿ ಸಾರಿದನು.

ಬೆನ್ನಿನ ಸಂಗತಿ ಇದಕ್ಕಿಂತ ಗಂಭೀರವಾದದ್ದು. ಓದುಗರಲ್ಲಿ ಯಾರೇ ಆಗಲಿ ಇಂದೇ ಎದುರಿಸಬಹುದಾದದ್ದು. ೫೦ ಕಿಲೋಗ್ರಾಮಿನ ಮೂಟೆ ತಲೆಯ ಮೇಲೆ ನೆಟ್ಟಗಿದ್ದರೆ ಸೊಂಟದ ಬಳಿಯ ಬೆನ್ನುಮಣಿಯ ಮೇಲೆ ಬೀಳುವುದು ಅದರ ತೂಕ, ಜೊತೆಗೆ ಮೇಲ್ಮೈಯ ೩೬ ಕಿಲೋಗ್ರಾಂ, ಒಟ್ಟು ೮೬. ಅದೇ ಮೂಟೆಯನ್ನು ಸೊಂಟ ಬಗ್ಗಿಸಿ, ಕೈ ಮುಂದೆ ಚಾಚಿ ನೆಲದಿಂದೆತ್ತಿ. ಈಗ ಮೂಟೆ ಬೆನ್ನುಮಣಿಯಿಂದ ೪೦ ಸೆಂಟಿಮೀಟರು ಮುಂದಿದೆ. ಬಾಗಿದ ಮೇಲ್ಮೈಯ ತೂಕ ೨೫ ಸೆಂಟಿಮೀಟರು ಮುಂದೆ. ಇವೆರಡನ್ನೂ ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯುವಿಗೆ ಸಿಕ್ಕುವ ಸನ್ನೆಯ ಉದ್ದ ೫ ಸೆಂಟಿಮೀಟರು ಮಾತ್ರ. ೫೦ನ್ನು ೪೦ರಿಂದಲೂ ೩೬ನ್ನು ೨೫ರಿಂದಲೂ ಗುಣಿಸಿ ಕೂಡಿಸಿದರೆ ೨,೯೦೦. ಅದನ್ನು ೫ರಿಂದ ಭಾಗಿಸಿದರೆ ೫೮೦. ಸ್ನಾಯು ೫೮೦ ಕಿಲೋಗ್ರಾಂ ಬಲದಿಂದ ಎಳೆಯಬೇಕು. ಆ ಎಳೆತವೆಲ್ಲ ಬೆನ್ನುಮಣಿಯನ್ನು ಒತ್ತುತ್ತದೆ. ಮೂಟೆ ಮತ್ತು ಮೈಯ ತೂಕವನ್ನೂ ಕೂಡಿಸಿಕೊಂಡರೆ ೬೫೦ ಕಿಲೋಗ್ರಾಮಿನ ಸುತ್ತಮುತ್ತ ಬರುತ್ತದೆ. ಹೊರೆ ಒಂದೇ, ಒತ್ತಡ ಏಳು ಎಂಟರಷ್ಟು! ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿಯುವುದರಿಂದ ಇದು ಒಂದಿಷ್ಟು ತಗ್ಗುತ್ತದೆ ನಿಜ. ಆದರೂ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ೧೯೮೧ರಲ್ಲಿ ಎಚ್ಚರಿಕೆಯ ಗಡಿಯೆಂದು ಗೊತ್ತುಮಾಡಿದ್ದು ಸುಮಾರು ೩೫೦ ಕಿಲೋಗ್ರಾಂ ಒತ್ತಡವನ್ನು ಎಂಬುದನ್ನು ನೆನೆದರೆ ನಾವು ಎಲ್ಲಿದ್ದೇವೆಂದು ತಿಳಿಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೬೭ರಲ್ಲಿಯೇ, ವಯಸ್ಕ ಗಂಡಾಳೊಬ್ಬನು ಹೊರುವ ಭಾರ ೫೫ ಕಿಲೋಗ್ರಾಮನ್ನು ಮೀರುವಲ್ಲಿ ಅದನ್ನು ಇಳಿಸಬೇಕೆಂದು ಶಿಫಾರಸು ಮಾಡಿತು. ಮಂಡಿಯ ಹಳೆಯ ಹಮಾಲಿಗಳು ಮೂಟೆಯನ್ನು ನೆಲದಿಂದ ತಾವೇ ಎತ್ತದೆ ಇನ್ನಿಬ್ಬರಿಂದ ಹೊರಿಸಿಕೊಳ್ಳುವುದನ್ನು ಸೋಮಾರಿತನವೆಂದು ಎಣಿಸುವವರಿದ್ದಾರೆ. ಮೇಲಿನ ಲೆಕ್ಕವನ್ನು ಅವರು ಒಮ್ಮೆ ಮಾಡಿ ನೋಡಬೇಕು.

ಭಾರ ಹಠಾತ್ತನೆ ಬಿದ್ದಾಗಿನ ಮಾತು ಚಿಕ್ಕದು. ಒಂದು ಮೀಟರು ಎತ್ತರದ ಗೋಡೆಯಿಂದ ಕಾಲು ಸೆಟೆದು ಹಾರಿದರೆ ದೇಹ ಒಂದು ಸೆಂಟಿಮೀಟರಿನೊಳಗೆ ನಿಲ್ಲಬೇಕಾಗುತ್ತದೆ. ಆಗ ನೆಲ ಒದೆಯುವ ಸರಾಸರಿ ಬಲ ಮೈತೂಕದ ನೂರರಷ್ಟು. ೬೦ ಕಿಲೋಗ್ರಾಮಿನವನಿಗೆ ಒಂದೊಂದು ಕಾಲಿಗೆ ಮೂರು ಟನ್. ಮೊಣಕಾಲು ಮಡಿಸುತ್ತ ಅರ್ಧ ಮೀಟರಿನಲ್ಲಿ ನಿಂತರೆ ಅದು ಮೈತೂಕದ ಮೂರರಷ್ಟೇ.

ಇಲ್ಲಿಯವರೆಗೆ ಮೂಳೆಯನ್ನು ಜಡವಸ್ತುವೆಂದೇ ಎಣಿಸಿದೆವು. ಅದು ಜೀವಂತ ವಸ್ತು. ಕೂದಲೆಳೆಯಷ್ಟರ ಆ ಕುಗ್ಗುವಿಕೆ ನಮ್ಮ ಕಣ್ಣಿಗೆ ಕಾಣದಿದ್ದರೂ ಮೂಳೆಗೆ ಕಾಣುತ್ತದೆ. ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಸೋಜಿಗದ್ದಾಗಿ ತೋರುವುದು ಇದೇ. ಲ್ಯಾನ್ಯನ್ ಮತ್ತು ಅವನ ಸಹೋದ್ಯೋಗಿಗಳು ೧೯೭೫ರಲ್ಲಿ, ಜೀವಂತ ಮನುಷ್ಯನ ಮೊಣಕಾಲಿನ ಕೆಳಗಿನ ಮೂಳೆಗೇ ವಿಕೃತಿಯನ್ನಳೆಯುವ ಪುಟ್ಟ ಉಪಕರಣವನ್ನು ಅಂಟಿಸಿದ ಪ್ರಯೋಗವನ್ನು ಪ್ರಕಟಿಸಿದರು. ನಡೆಯುವಾಗ ಆ ಮೂಳೆಯ ವಿಕೃತಿ ಹತ್ತು ಸಾವಿರದಲ್ಲಿ ಸುಮಾರು ನಾಲ್ಕು ಪಾಲು, ಓಡುವಾಗ ಸುಮಾರು ಎಂಟು. ಮುಂದೆ ರೂಬಿನ್ ಮತ್ತು ಲ್ಯಾನ್ಯನ್ ೧೯೮೪ರಲ್ಲಿ ಬೇರೆ ಬೇರೆ ಪ್ರಾಣಿಗಳ ಅಳತೆಗಳನ್ನು ಒಟ್ಟಿಗಿಟ್ಟು ನೋಡಿದರು. ಕುದುರೆಯಾಗಲಿ ನಾಯಿಯಾಗಲಿ ಹಕ್ಕಿಯಾಗಲಿ, ತನ್ನ ಬಲವನ್ನೆಲ್ಲ ಉಪಯೋಗಿಸುವಾಗ ಮೂಳೆಯ ವಿಕೃತಿ ಸಾವಿರದಲ್ಲಿ ಎರಡರಿಂದ ಮೂರೂವರೆ ಪಾಲಿನೊಳಗೇ ಇರುತ್ತದೆ. ಗಾತ್ರಗಳು ಎಷ್ಟೇ ಬೇರೆಯಾದರೂ ಎಲ್ಲ ಮೂಳೆಗಳೂ ಒಂದೇ ಗೆರೆಯ ಬಳಿ ನಿಂತಿವೆ!

ಅದೇ ವರ್ಷದ ಅವರ ಇನ್ನೊಂದು ಪ್ರಯೋಗ ಹುಂಜದ ರೆಕ್ಕೆಯ ಮೂಳೆಯ ಮೇಲೆ. ಆ ಮೂಳೆಗೆ ಸಹಜವಾಗಿ ಬೀಳುವ ಭಾರವನ್ನೆಲ್ಲ ತಪ್ಪಿಸಿದಾಗ ಅದು ಸವೆಯತೊಡಗಿತು. ದಿನಕ್ಕೆ ನಾಲ್ಕೇ ಸಲ ಒತ್ತಿ ಬಿಟ್ಟರೆ ಸವೆತ ನಿಂತಿತು. ಮೂವತ್ತಾರು ಸಲ ಒತ್ತಿದರೆ ಮೂಳೆ ಹೊಸದಾಗಿ ಬೆಳೆಯಿತು. ಅದಕ್ಕಿಂತ ಎಷ್ಟು ಹೆಚ್ಚು ಸಲ ಒತ್ತಿದರೂ ಹೆಚ್ಚಿನ ಲಾಭವಾಗಲಿಲ್ಲ. ಭಾರವನ್ನು ಒಂದೇ ಸಮನೆ ಹೇರಿಟ್ಟಾಗಲಂತೂ ಮೂಳೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದಕ್ಕೆ ಬೇಕಾದದ್ದು ಭಾರವಲ್ಲ, ಭಾರದ ಏರಿಳಿತ. ಇದರ ಕಾರಣ ಹೀಗಿರಬೇಕೆಂದು ಈಗ ಬಹುಮಂದಿ ಒಪ್ಪುತ್ತಾರೆ: ಗಟ್ಟಿ ಮೂಳೆಯೊಳಗೆ ಹುದುಗಿರುವ ಜೀವಕೋಶಗಳು ಅತಿ ಸೂಕ್ಷ್ಮವಾದ ನಾಳಗಳ ಮೂಲಕ ಒಂದಕ್ಕೊಂದು ಕೈಚಾಚಿಕೊಂಡಿವೆ. ನಾಳಗಳಲ್ಲಿ ದ್ರವ ತುಂಬಿದೆ. ಮೂಳೆ ಕುಗ್ಗಿ ಹಿಗ್ಗಿದಾಗ, ಒದ್ದೆ ಸ್ಪಂಜನ್ನು ಹಿಸುಕಿ ಬಿಟ್ಟಂತೆ, ದ್ರವ ಅತ್ತಿತ್ತ ಹರಿಯುತ್ತದೆ. ಆ ಹರಿವು ಜೀವಕೋಶಗಳನ್ನು ಸೋಕಿ ಎಚ್ಚರಿಸುತ್ತದೆ. ಅವು ಮೂಳೆ ಕಟ್ಟುವ ಕೋಶಗಳಿಗೂ ಕರಗಿಸುವ ಕೋಶಗಳಿಗೂ ಸುದ್ದಿ ಮುಟ್ಟಿಸುತ್ತವೆ. ಒತ್ತಿ ಹಿಡಿದ ಸ್ಪಂಜಿನಲ್ಲಿ ಹರಿವಿಲ್ಲ, ಸುದ್ದಿಯೂ ಇಲ್ಲ.

ಟೆನ್ನಿಸ್ ಆಟಗಾರರ ಆಡುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪವಾಗಿರುವುದು ಇದರಿಂದಲೇ. ಭಾರ ಎತ್ತುವ ಸ್ಪರ್ಧಾಳುಗಳ ಬೆನ್ನುಮಣಿಗಳನ್ನು ೧೯೮೭ರಲ್ಲಿ ಪರೀಕ್ಷಿಸಿದ ಸ್ವೀಡನ್ನಿನ ಸಂಶೋಧಕರು, ಎತ್ತುವ ಗಳಿಗೆಯಲ್ಲಿ ಅವುಗಳ ಮೇಲೆ ಸುಮಾರು ಎರಡರಿಂದ ಮೂರೂವರೆ ಟನ್ನಿನವರೆಗೆ ಒತ್ತಡ ಬೀಳುತ್ತದೆಂದು ಲೆಕ್ಕ ಹಾಕಿದರು. ವರ್ಷದಲ್ಲಿ ಹೆಚ್ಚು ಭಾರ ಎತ್ತಿದವರ ಬೆನ್ನುಮಣಿಯಲ್ಲಿ ಖನಿಜವೂ ಹೆಚ್ಚಾಗಿತ್ತು. ಇದಕ್ಕೆ ವಿರುದ್ಧವಾಗಿ, ಭಾರವೇ ತಿಳಿಯದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇದ್ದವರ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆಯಂತೆ ಸವೆದದ್ದು ಕಂಡುಬಂದಿದೆ. ಆದರೆ ಕಟ್ಟುವ ಕೆಲಸಕ್ಕೆ ಕಾಲಾವಕಾಶ ಬೇಕು. ತಂತಿಯೊಂದನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆ, ಬಿಡುವಿಲ್ಲದ ಸಣ್ಣ ಪೀಡನಗಳಿಂದ ಮೂಳೆಯೂ ಬಿರುಕು ಬಿಡುತ್ತದೆ. ಪ್ರಷ್ಯದ ಸೈನ್ಯದ ವೈದ್ಯ ಬ್ರೈಟ್‌ಹೌಪ್ಟ್ ೧೮೫೫ರಲ್ಲಿ, ದೂರ ದ ಕವಾಯಿತು ನಡೆದ ಸಿಪಾಯಿಗಳ ಪಾದ ಬಾತು ನೋಯುವುದನ್ನು ವರ್ಣಿಸಿದ್ದನು. ಅದು ಪಾದದ ಮೂಳೆಯ ಬಿರುಕೆಂಬುದು ಎಕ್ಸ್-ಕಿರಣಗಳು ಬಂದ ಮೇಲೆ ಖಚಿತವಾಯಿತು.

ಮೂಳೆ ಕಣ್ಣಿಗೆ ಕಾಣುವಂತೆಯೇ ಕುಗ್ಗುವುದು ಒಂದು ಕಡೆ ಮಾತ್ರ: ಮುಪ್ಪಿನ ಬೆನ್ನಿನಲ್ಲಿ. ಬೆನ್ನುಮಣಿಗಳ ಒಳಗೆ ಗಟ್ಟಿ ಎಲುಬು ಕಡಮೆ, ಸ್ಪಂಜಿನಂಥದೇ ಹೆಚ್ಚು. ಇಂಥ ಎಲುಬಿನ ಬಲ ಅದರ ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿದೆಯೆಂದು ಕಾರ್ಟರ್ ಮತ್ತು ಹೇಯ್ಸ್ ೧೯೭೭ರಲ್ಲಿ ತೋರಿಸಿದರು. ಎಂದರೆ ಸಾಂದ್ರತೆ ಅರ್ಧಕ್ಕಿಳಿದರೆ ಬಲ ಅರ್ಧವಾಗುವುದಿಲ್ಲ, ಕಾಲಾಗುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಈ ಸವೆತ ತೀವ್ರವಾಗಿರುತ್ತದೆ. ಅಂಥವರು ಬಾಗಿ ಕೊಡವೊಂದನ್ನೆತ್ತಿದರೆ ಆಗುವ ಒತ್ತಡ, ಮೇಲಿನ ಸನ್ನೆಯ ಲೆಕ್ಕದಂತೆ, ಕೊಡದ ತೂಕದ ಹಲವು ಮಡಿ. ಮಣಿಯ ಮುಂಬದಿ ಕುಸಿದು ಅದು ಬೆಣೆಯ ಆಕಾರ ತಾಳುತ್ತದೆ. ಎರಡು ಮೂರು ಮಣಿಗಳು ಹಾಗಾದರೆ ಬೆನ್ನು ಗೂನಾಗುತ್ತದೆ. ಎಷ್ಟೋ ವೇಳೆ ಅದು ಮುರಿದದ್ದೇ ಅವರಿಗೆ ತಿಳಿಯದು. ‘ನಡು ಹಿಡಿದುಕೊಂಡಿದೆ’ ಎಂದು ಎಣ್ಣೆ ತಿಕ್ಕಿಕೊಂಡು ಸುಮ್ಮನಾಗುತ್ತಾರೆ. ಹೀಗೆ ಕುಗ್ಗಿದ ಮೂಳೆ ಮರಳಿ ಹಿಗ್ಗುವುದಿಲ್ಲ. ಹುಕ್ಕನ ಮಿತಿಯನ್ನು ಅದು ದಾಟಿಹೋಗಿರುತ್ತದೆ. ನಮ್ಮ ಮೂಳೆಯ ದ್ರವ್ಯ ತುತ್ತತುದಿಗೇರುವುದು ಇಪ್ಪತ್ತೈದು ಮೂವತ್ತರ ವಯಸ್ಸಿನೊಳಗೆ. ಮುಪ್ಪಿನ ಸವೆತ ಪ್ರಾರಂಭವಾಗುವುದು ಅಲ್ಲಿ ಕೂಡಿಟ್ಟ ಗಂಟಿನಿಂದ. ಈ ಲೇಖನವನ್ನು ಓದುತ್ತಿರುವ ಬಹುಮಂದಿ ಆ ಗಂಟನ್ನು ಇನ್ನೂ ಕಟ್ಟುತ್ತಿರುವವರು.

ಕಡೆಯದಾಗಿ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಬೆಳಗ್ಗೆ ಹಾಸಿಗೆಯಿಂದೆದ್ದ ಕೂಡಲೆ ಗೋಡೆಗೆ ಬೆನ್ನು ತಾಗಿಸಿ ನಿಂತು, ನೆತ್ತಿಯ ಮೇಲೆ ಚಪ್ಪಟೆ ಹಲಗೆಯಿಟ್ಟು, ಗೋಡೆಯ ಮೇಲೆ ಗೆರೆ ಎಳೆಯಿಸಿಕೊಳ್ಳಿ. ತಡಮಾಡಬಾರದು, ದಿನದ ವ್ಯತ್ಯಾಸದಲ್ಲಿ ಅರ್ಧದಷ್ಟು ಎದ್ದ ಮೊದಲ ಗಂಟೆಯಲ್ಲೇ ಆಗಿಹೋಗುತ್ತದೆ. ರಾತ್ರಿ ಮಲಗುವ ಮುನ್ನ ಅದೇ ಗೋಡೆಗೆ ಮತ್ತೆ ನಿಲ್ಲಿ. ಎರಡು ಗೆರೆಗಳ ನಡುವೆ ಒಂದು ಸೆಂಟಿಮೀಟರಿಗೂ ಮಿಕ್ಕಿ ಅಂತರವಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ನಿಮ್ಮ ತೊಡೆಯ ಮೂಳೆ ಎಷ್ಟು ಕುಗ್ಗಿರಬಹುದೆಂಬ ಲೆಕ್ಕ ಈಗ ನಿಮಗೆ ಗೊತ್ತಿದೆ. ಉಳಿದದ್ದೆಲ್ಲ ಬೆನ್ನುಮಣಿಗಳ ನಡುವಿನ ಮೆತ್ತೆಗಳು ಹಗಲೆಲ್ಲ ಹಿಂಡಿಸಿಕೊಂಡು ಕಳೆದುಕೊಂಡ ನೀರು. ಮಲಗಿದ ಮೇಲೆ ಅವು ಅದನ್ನು ಮತ್ತೆ ಹೀರಿಕೊಳ್ಳುತ್ತವೆ. ಹಮಾಲಿಯ ಮೂಳೆ ಮೂಟೆ ಇಳಿದ ಕ್ಷಣದಲ್ಲೇ ತನ್ನ ಉದ್ದಕ್ಕೆ ಮರಳುತ್ತದೆ. ಅವನ ಬೆನ್ನಿನ ಮೆತ್ತೆಗಳಿಗೆ ಒಂದು ರಾತ್ರಿ ಬೇಕು.